ಹೃದಯದ ತಾಳವೂ ತೋಳಿನ ಪಥ್ಯವೂ

ಮನೆಯಲ್ಲಿ ಒಬ್ಬರಿಗೆ ದೊಡ್ಡ ಕಾಯಿಲೆ ಬಂದು ಗುಣವಾದರೆ, ನೋಡಲು ಬಂದವರೆಲ್ಲರೂ ಶಸ್ತ್ರಚಿಕಿತ್ಸೆಯ ಕಥೆಯನ್ನೇ ಕೇಳುವರು. ಎಷ್ಟು ಹೊತ್ತು ಹಿಡಿಯಿತು, ಎಷ್ಟು ಹಣ ಖರ್ಚಾಯಿತು ಎಂಬುದು ತಿಳಿದೊಡನೆ ಕಾಫಿ ಕುಡಿದು ಹೊರಡುವರು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲಿನ ದಿನಗಳ ವಿಚಾರವನ್ನು ಕೇಳುವವರೂ ಇಲ್ಲ, ಹೇಳುವವರೂ ಇಲ್ಲ. ನಮಗಾದರೋ ಶಸ್ತ್ರಚಿಕಿತ್ಸೆಯು ಒಂದು ಗಂಟೆಯ ಕಾರ್ಯವಾಗಿದ್ದಿತು. ಅದರ ಹಿಂದಿನಿಂದ ಬಂದ ತೊಡಕುಗಳು ಒಂಬತ್ತು ತಿಂಗಳು ನಮ್ಮನ್ನು ಕಾಡಿದವು. ಅವುಗಳಲ್ಲಿ ಒಂದು ನಮ್ಮ ದುಡುಕಿನಿಂದಲೂ ಮತ್ತೊಂದು ನಮ್ಮ ಅಂಜಿಕೆಯಿಂದಲೂ ಬಂದಿತೆಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೂ ಪೇಸ್‌ಮೇಕರ್ ಇಡಿಸಿಕೊಂಡವರು ಈಗ ಅನೇಕ ಮನೆಗಳಲ್ಲಿರುವುದರಿಂದ, ನಮ್ಮ ತಪ್ಪು ಇನ್ನೊಬ್ಬರಿಗೆ ಪಾಠವಾಗಲೆಂದು ಈ ನಾಲ್ಕು ಮಾತುಗಳನ್ನು ವಾಚಕರ ಮುಂದಿಡುತ್ತಿದ್ದೇವೆ.

ಹೋದ ವರ್ಷ ಸಂಕ್ರಾಂತಿ ಕಳೆದ ನಾಲ್ಕನೆಯ ದಿನ ಬೆಳಗ್ಗೆ, ಪಕ್ಕದ ಮನೆಯ ಹುಡುಗನಿಗೆ ಜಗುಲಿಯ ಮೇಲೆ ಕುಳ್ಳಿರಿಸಿಕೊಂಡು ರಾಮಶಬ್ದವನ್ನು ಹೇಳಿಕೊಡುತ್ತಿದ್ದೆವು. ತೃತೀಯಾ ವಿಭಕ್ತಿಯವರೆಗೆ ಹೇಳಿದ್ದು ನೆನಪಿದೆ. ಚತುರ್ಥಿಯನ್ನು ಹೇಳಿದೆವೋ ಇಲ್ಲವೋ ತಿಳಿಯದು. ಕಣ್ಣು ತೆರೆದಾಗ ಹುಡುಗನು ಅಳುತ್ತಿದ್ದನು. ನಮ್ಮ ಗೃಹಿಣಿಯು ಮುಖಕ್ಕೆ ನೀರೆರಚುತ್ತಿದ್ದಳು. ಅದಕ್ಕೆ ಹದಿನೈದು ದಿನಗಳ ಹಿಂದಿನಿಂದಲೂ ಮೆಟ್ಟಿಲೇರುವಾಗ ಏದುಸಿರು, ಎದ್ದು ನಿಂತಾಗ ಕಣ್ಣು ಕತ್ತಲೆ ಬರುತ್ತಿದ್ದವು. ವಯಸ್ಸು ಅರುವತ್ತಾಯಿತು, ಇದೆಲ್ಲವೂ ಸಹಜವೆಂದು ನಾವೇ ತೀರ್ಪು ಹೇಳಿಕೊಂಡಿದ್ದೆವು. ಆ ದಿನ ವೈದ್ಯರು ನಾಡಿ ಹಿಡಿದು ಎಣಿಸಿದಾಗ ನಿಮಿಷಕ್ಕೆ 34 ಬಡಿತಗಳು ಮಾತ್ರ ಸಿಕ್ಕಿದವು.

ಹೃದಯವು ತಾನಾಗಿಯೇ ಬಡಿಯುವುದೆಂದು ನಾವೆಲ್ಲರೂ ಹೇಳುತ್ತೇವೆ. ಆ ಬಡಿತಕ್ಕೆ ಒಂದು ಮೂಲಸ್ಥಾನವಿದೆ. ಹೃದಯದ ಬಲಗಡೆಯ ಮೇಲಿನ ಕೋಣೆಯಲ್ಲಿ ಚಿಕ್ಕದೊಂದು ಜೀವಕಣಗಳ ಗಂಟಿದ್ದು, ಅಲ್ಲಿ ಪ್ರತಿ ಬಡಿತಕ್ಕೂ ಮೊದಲು ಸೂಕ್ಷ್ಮವಾದ ವಿದ್ಯುತ್ತು ಹುಟ್ಟುತ್ತದೆ. 1907ರಲ್ಲಿ ಇದನ್ನು ಕಂಡುಹಿಡಿದವರು ಇಂಗ್ಲೆಂಡಿನ ಆರ್ಥರ್ ಕೀತ್ ಮತ್ತು ಮಾರ್ಟಿನ್ ಫ್ಲ್ಯಾಕ್ ಎಂಬವರು. ಅಲ್ಲಿಂದ ಹೊರಟ ಅಲೆಯು ಮೇಲಿನ ಕೋಣೆಗಳನ್ನು ಸಂಕೋಚಗೊಳಿಸಿ, ನಡುವೆ ಇರುವ ಮತ್ತೊಂದು ಗಂಟನ್ನು ಹಾದು, ಕ್ಷಣಮಾತ್ರ ತಡೆದು, ಕೆಳಗಿನ ಕೋಣೆಗಳಿಗೆ ಇಳಿಯುತ್ತದೆ. ಈ ಎರಡನೆಯ ಗಂಟನ್ನು 1906ರಲ್ಲಿ ವಿವರಿಸಿದವನು ಜಪಾನಿನ ಸುನಾವೊ ತವಾರನು. ಛಂದಸ್ಸಿನ ಭಾಷೆಯಲ್ಲಿ ಹೇಳುವುದಾದರೆ, ಮೇಲಿನ ಕೋಣೆಗಳ ಮೆಲ್ಲನೆಯ ಬಡಿತವು ಲಘು, ಕೆಳಗಿನ ಕೋಣೆಗಳ ಬಲವಾದ ಬಡಿತವು ಗುರು. ನಿಮಿಷಕ್ಕೆ 72 ಸಲದಂತೆ ಲೆಕ್ಕ ಹಾಕಿದರೆ ಒಂದು ಅಹೋರಾತ್ರಿಯಲ್ಲಿ ಈ ಗಣವು 1,03,680 ಸಲ ಆವರ್ತಿಸುವುದು.

ನಮ್ಮಲ್ಲಿ ಆ ನಡುವಣ ದಾರಿಯು ಕಟ್ಟಿಹೋಗಿದ್ದಿತು. ಮೇಲಿನ ಕೋಣೆಗಳು ತಮ್ಮ ಪಾಡಿಗೆ ತಾವು ವೇಗವಾಗಿ ಬಡಿಯುತ್ತಿದ್ದವು. ಅವುಗಳ ಆಜ್ಞೆ ತಲಪದ ಕೆಳಗಿನ ಕೋಣೆಗಳು ತಮಗೆ ತೋಚಿದಂತೆ ನಿಧಾನವಾಗಿ ಬಡಿಯುತ್ತಿದ್ದವು. ಇಂಥ ತಡೆಯಿಂದ ಒಮ್ಮೊಮ್ಮೆ ಬಡಿತದ ನಡುವೆ ದೀರ್ಘವಾದ ಯತಿ ಬಿದ್ದಾಗ ಮಿದುಳಿಗೆ ರಕ್ತ ಸಾಲದೆ ಮೂರ್ಛೆ ಬರುತ್ತದೆ. ಇದಕ್ಕೆ ಔಷಧದ ಗುಳಿಗೆಯಿಂದ ಶಾಶ್ವತವಾದ ಪರಿಹಾರವಿಲ್ಲ. ಪೇಸ್‌ಮೇಕರ್ ಇಡಬೇಕು ಎಂದು ವೈದ್ಯರು ಹೇಳಿದರು. ಸಂಸ್ಕೃತವನ್ನು ಓದಿದ ಚಾಳಿಯಿಂದ ನಾವು ಅದಕ್ಕೆ ಗತಿನಿಯಾಮಕವೆಂದು ಹೆಸರಿಟ್ಟುಕೊಂಡೆವು. ಮೊಮ್ಮಗಳು ಮಾತ್ರ ಈಗಲೂ "ತಾತನ ಗಡಿಯಾರ" ಎಂದೇ ಕರೆಯುತ್ತಾಳೆ.

ಆ ವಸ್ತುವು ಬೆಂಕಿಪೊಟ್ಟಣಕ್ಕಿಂತ ಹೆಚ್ಚು ದೊಡ್ಡದಲ್ಲ. ಕೊರಳ ಬುಡದ ಅಡ್ಡೆಲುಬಿನ ಕೆಳಗೆ, ಎಡಗಡೆಯಲ್ಲಿ, ಆ ಭಾಗವನ್ನು ಮಾತ್ರ ಮರಗಟ್ಟಿಸಿ ಚರ್ಮದ ಅಡಿ ಒಂದು ಸಣ್ಣ ಚೀಲದಂಥ ಜಾಗವನ್ನು ಮಾಡಿ ಅದನ್ನು ಇಡುವರು. ಅಲ್ಲಿಂದ ರಕ್ತನಾಳದ ಒಳಗಾಗಿ ತಂತಿಗಳನ್ನು ಹೃದಯದವರೆಗೆ ಇಳಿಸುವರು. ನಮಗೆ ಎರಡು ತಂತಿಗಳು: ಒಂದರ ತುದಿ ಬಲದ ಮೇಲಿನ ಕೋಣೆಯಲ್ಲಿ, ಮತ್ತೊಂದರದು ಬಲದ ಕೆಳಗಿನ ಕೋಣೆಯಲ್ಲಿ. ಯಂತ್ರವು ಹೃದಯದ ಬಡಿತವನ್ನು ಸದಾ ಕೇಳುತ್ತಿದ್ದು, ಬರಬೇಕಾದ ಬಡಿತ ಬಾರದಿದ್ದಾಗ ಮಾತ್ರ ತಾನೊಂದು ಸಣ್ಣ ಪ್ರೇರಣೆಯನ್ನು ಕೊಡುತ್ತದೆ. ಒಳ್ಳೆಯ ಉಪಾಧ್ಯಾಯನ ಲಕ್ಷಣವೂ ಇದೇ ಅಲ್ಲವೆ? ಹುಡುಗನು ಸರಿಯಾಗಿ ಹೇಳುತ್ತಿರುವಾಗ ಸುಮ್ಮನಿದ್ದು, ಮರೆತಾಗ ಒಂದಕ್ಷರವನ್ನು ಎತ್ತಿಕೊಡುವುದು!

ಮೂರನೆಯ ದಿನ ಮನೆಗೆ ಬಂದೆವು. ಹೊರಡುವಾಗ ವೈದ್ಯರು ಎರಡು ಮಾತುಗಳನ್ನು ಹೇಳಿದ್ದರು. ಒಂದು: "ಮೇಷ್ಟರೆ, ಆರು ವಾರ ಎಡಗೈಯನ್ನು ಹೆಗಲಿಗಿಂತ ಮೇಲಕ್ಕೆ ಎತ್ತಬೇಡಿ, ಭಾರ ಹೊರಬೇಡಿ. ತಂತಿಯ ತುದಿ ಹೃದಯದ ಗೋಡೆಗೆ ಅಂಟಿಕೊಳ್ಳಲು ಅಷ್ಟು ಕಾಲ ಬೇಕು." ಎರಡು: "ಹಾಗೆಂದು ಕೈಯನ್ನು ಕಟ್ಟಿ ಇಡಬೇಡಿ. ಹೆಗಲಿನ ಕೆಳಗೆ ಎಂದಿನಂತೆ ಆಡಿಸುತ್ತಿರಿ." ನಾವು ಹತ್ತನೆಯ ದಿನ ಮೊದಲನೆಯ ಮಾತನ್ನು ಮೀರಿದೆವು, ಆಮೇಲೆ ಎರಡು ತಿಂಗಳು ಎರಡನೆಯ ಮಾತನ್ನು ಮರೆತೆವು. ನಮ್ಮ ಕಥೆಯ ಸಾರವೆಲ್ಲ ಇಷ್ಟೆ.

ಹತ್ತನೆಯ ದಿನ ಮನೆಯವರು ತರಕಾರಿಗೆ ಹೋಗಿದ್ದರು. ಹುಡುಗನು ಬಂದು ಒಂದು ಶಬ್ದದ ಲಿಂಗವನ್ನು ಕೇಳಿದನು. ನಮಗೆ ಸಂದೇಹವಾಯಿತು. ಅಮರಕೋಶವು ಅಟ್ಟದ ಮೇಲಿನ ಟ್ರಂಕಿನಲ್ಲಿದ್ದಿತು. ಹುಡುಗನನ್ನೇ ಹತ್ತಿಸಿ ತೆಗೆಸಬಹುದಾಗಿದ್ದಿತು. ಆದರೆ ಹತ್ತು ದಿನಗಳಿಂದ ನೀರು ಕೊಡುವವರೊಬ್ಬರು, ಬಾಗಿಲು ತೆಗೆಯುವವರೊಬ್ಬರು ಎಂಬಂತಾಗಿ ನಮಗೆ ಬೇಸರ ಹುಟ್ಟಿದ್ದಿತು. ಮಣೆಯ ಮೇಲೆ ನಿಂತು ಎರಡು ಕೈಗಳನ್ನೂ ತಲೆಯ ಮೇಲೆತ್ತಿ ಟ್ರಂಕನ್ನು ಇಳಿಸಿದೆವು. ನೋವೇನೂ ಆಗಲಿಲ್ಲ. ಶಬ್ದವು ನಪುಂಸಕಲಿಂಗವೆಂಬುದೂ ಸಿದ್ಧವಾಯಿತು.

ಆ ರಾತ್ರಿ ಬಿಕ್ಕಳಿಕೆಯಂತೆ ಹೊಟ್ಟೆಯ ಮೇಲ್ಭಾಗವು ಅದುರತೊಡಗಿತು. ವಾಯುವೆಂದು ಬಗೆದು ಜೀರಿಗೆಯ ಕಷಾಯ ಕುಡಿದೆವು. ಮರುದಿನ ಹಳೆಯ ತಲೆಸುತ್ತು ಮರಳಿತು. ಆಗ ನಮ್ಮ ಮನಸ್ಸಿಗೆ ನಿಜವು ಹೊಳೆಯಿತೆಂದೇ ಹೇಳಬೇಕು. ಆದರೂ ಬಾಯಿ ಬಿಡಲಿಲ್ಲ. ಟ್ರಂಕಿನ ಸಂಗತಿಯನ್ನು ಹೇಳಬೇಕಾಗುವುದಲ್ಲ ಎಂಬ ಸಂಕೋಚ ಒಂದು. ಮಗನು ರಜೆ ಮುಗಿಸಿ ಆಗತಾನೆ ಕೆಲಸಕ್ಕೆ ಹೋಗಿದ್ದನು, ಅವನನ್ನು ಮತ್ತೆ ಕರೆಸುವುದು ಹೇಗೆ ಎಂಬುದು ಮತ್ತೊಂದು. ಎರಡು ದಿನ ಗೋಡೆ ಹಿಡಿದು ನಡೆದೆವು. ಮೂರನೆಯ ದಿನ ಊಟದ ಎಲೆಯ ಮುಂದೆ ನಮ್ಮ ಮುಖವನ್ನು ನೋಡಿ ಮನೆಯವರು ಸೌಟನ್ನು ಕೆಳಗಿಟ್ಟು ಗಡಿಯಾರವನ್ನು ತಂದರು.

"ಕೈ ಕೊಡಿ" ಎಂದರು.

"ಏನೂ ಇಲ್ಲ. ಸ್ವಲ್ಪ ಆಯಾಸ" ಎಂದೆವು.

"ಯಂತ್ರ ಇರುವುದು ನಿಮ್ಮ ಎದೆಯಲ್ಲಿ, ಸರಿ. ಎಣಿಸುವುದನ್ನು ಡಾಕ್ಟರು ಹೇಳಿಕೊಟ್ಟದ್ದು ನನಗೆ. ಕೈ ಕೊಡಿ ಅಂದರೆ."

ನಾಲ್ಕನೆಯ ತರಗತಿಯ ಮೇಲೆ ಓದದ ಆಕೆ ಮುಳ್ಳನ್ನು ನೋಡುತ್ತ ಒಂದು ಪೂರ್ತಿ ನಿಮಿಷ ಎಣಿಸಿದಳು. 38. ಇನ್ನೊಂದು ಸಲ ಎಣಿಸಿದಳು. ಅಷ್ಟೇ. ಯಂತ್ರವನ್ನು 60ಕ್ಕಿಂತ ಕಡಮೆಯಾಗದಂತೆ ಅಳವಡಿಸಿದ್ದಾರೆಂಬುದು ಆಕೆಗೆ ನೆನಪಿದ್ದಿತು. ಬಡಿಸಿದ ಅನ್ನವನ್ನು ಹಾಗೆಯೇ ಬಿಟ್ಟು ಆಟೋರಿಕ್ಷಾದಲ್ಲಿ ನಮ್ಮನ್ನು ಆಸ್ಪತ್ರೆಗೆ ಕರೆದೊಯ್ದಳು. ದಾರಿಯಲ್ಲಿ ಟ್ರಂಕಿನ ವಿಷಯವನ್ನು ಒಪ್ಪಿಕೊಂಡೆವು. ಆಕೆ ಬೈಯಲಿಲ್ಲ, ಆಸ್ಪತ್ರೆಯ ಬಾಗಿಲವರೆಗೂ ನಮ್ಮ ಮಣಿಕಟ್ಟಿನ ಮೇಲಿನ ಬೆರಳನ್ನು ತೆಗೆಯಲೂ ಇಲ್ಲ.

ಎಕ್ಸ್‌ರೇಯಲ್ಲಿ ಕೆಳಗಿನ ಕೋಣೆಯ ತಂತಿಯ ತುದಿಯು ತನ್ನ ಸ್ಥಾನದಿಂದ ಸರಿದದ್ದು ಕಂಡಿತು. ಹೊಟ್ಟೆಯ ಅದುರಿಗೂ ಅದೇ ಕಾರಣ: ಹೃದಯಕ್ಕೆ ಹೋಗಬೇಕಾದ ಪ್ರೇರಣೆಯು ಪಕ್ಕದಲ್ಲಿರುವ ವಪೆಯನ್ನು ಕೆರಳಿಸುತ್ತಿದ್ದಿತು. "ಟ್ರಂಕಿನಿಂದಲೇ ಹೀಗಾಯಿತೆಂದು ಖಂಡಿತವಾಗಿ ಹೇಳಲಾರೆ, ಮೇಷ್ಟರೆ. ರೋಗಿಯ ತಪ್ಪಿಲ್ಲದೆಯೂ ಮೊದಲ ವಾರಗಳಲ್ಲಿ ತಂತಿ ಜಾರುವುದುಂಟು. ಆದರೆ ಮೂರು ದಿನ ಮುಚ್ಚಿಟ್ಟದ್ದು ಮಾತ್ರ ನಿಮ್ಮದೇ ತಪ್ಪು" ಎಂದು ವೈದ್ಯರು ಹೇಳಿದರು. ಮೂವತ್ತು ವರ್ಷ ಹುಡುಗರಿಗೆ ಸತ್ಯ ನುಡಿಯಿರೆಂದು ಬೋಧಿಸಿದ ನಾವು ತಲೆ ತಗ್ಗಿಸಿ ಕುಳಿತೆವು. ಮರುದಿನ ಹಳೆಯ ಗಾಯವನ್ನೇ ಬಿಡಿಸಿ ತಂತಿಯನ್ನು ಮತ್ತೆ ಕೂಡಿಸಿದರು.

ಎರಡು ಸಲ ಕೊಯ್ದ ಜಾಗದಲ್ಲಿ ರಕ್ತ ಸೇರಿ, ಯಂತ್ರವಿದ್ದಲ್ಲಿ ನಿಂಬೆಹಣ್ಣಿನಷ್ಟು ಊತ ಕಾಣಿಸಿತು. ಚರ್ಮವು ನೇರಳೆಬಣ್ಣಕ್ಕೆ ತಿರುಗಿತು. ನೋಡಲು ಬಂದವರಲ್ಲಿ ಒಬ್ಬರು ಬಿಸಿ ಕಾವು ಕೊಡಿರೆಂದರು. ಒಬ್ಬರು ಅರಿಸಿನದ ಪಟ್ಟು ಹಾಕಿರೆಂದರು. ಮತ್ತೊಬ್ಬರು ಸೂಜಿಯಿಂದ ರಕ್ತವನ್ನು ಎಳೆಸಿಬಿಡಿರೆಂದರು. ವೈದ್ಯರು ಮೂರನ್ನೂ ನಿಷೇಧಿಸಿದರು. ಇಂಥ ಊತವು ಬಹುಮಟ್ಟಿಗೆ ತಾನಾಗಿಯೇ ಇಳಿಯುವುದು. ಸೂಜಿ ಚುಚ್ಚಿದರೆ ಹೊರಗಿನ ರೋಗಾಣುವಿಗೆ ನಾವೇ ದಾರಿ ತೆರೆದಂತಾಗುವುದು. ಒಳಗೆ ಸೋಂಕು ತಗಲಿತೆಂದರೆ ಔಷಧದಿಂದ ಮಾತ್ರ ಅದು ಹೋಗದು. ಯಂತ್ರ ತಂತಿಗಳೆಲ್ಲವನ್ನೂ ಹೊರತೆಗೆಯಬೇಕಾಗುವುದು. ಆದಕಾರಣ ಗಾಯದಲ್ಲಿ ಕೆಂಪು, ಬಿಸಿ, ಕೀವು ಅಥವಾ ಹೆಚ್ಚುವ ನೋವು ಕಂಡರೂ, ಜ್ವರ ಬಂದರೂ ಆ ದಿನವೇ ಆಸ್ಪತ್ರೆಗೆ ಹೋಗತಕ್ಕದ್ದು. ರಕ್ತ ತೆಳ್ಳಗಾಗುವ ಗುಳಿಗೆ ತೆಗೆದುಕೊಳ್ಳುವವರು ಊತವನ್ನು ಕಂಡು ಹೆದರಿ ತಾವಾಗಿಯೇ ಅದನ್ನು ನಿಲ್ಲಿಸಬಾರದು. ನಿಲ್ಲಿಸುವುದೂ ಮುಂದುವರಿಸುವುದೂ ವೈದ್ಯರ ಮಾತಿನಂತೆಯೇ ನಡೆಯಬೇಕು. ನಮ್ಮ ಊತವು ಶಿವರಾತ್ರಿಯ ಹೊತ್ತಿಗೆ ಇಳಿಯಿತು.

ಇಲ್ಲಿಗೆ ದುಡುಕಿನ ಅಧ್ಯಾಯವು ಮುಗಿದು ಅಂಜಿಕೆಯ ಅಧ್ಯಾಯವು ಮೊದಲಾಯಿತು. ತಂತಿ ಇನ್ನೊಮ್ಮೆ ಜಾರಿದರೆ ಗತಿಯೇನೆಂಬ ಭಯದಿಂದ ನಾವು ಎಡಗೈಯನ್ನು ಎದೆಗೆ ಒತ್ತಿಕೊಂಡೇ ಇದ್ದೆವು. ನಿದ್ದೆಯಲ್ಲಿಯೂ ಅದು ಎದೆಯ ಮೇಲೆಯೇ. ಅಂಗಿಯನ್ನು ಮನೆಯವರೇ ತೊಡಿಸಬೇಕು. ಕೈ ಅಲುಗದಿದ್ದಷ್ಟೂ ಕ್ಷೇಮವೆಂಬ ಭ್ರಾಂತಿ ನಮ್ಮದು. ಯುಗಾದಿಯ ದಿನ ಅಭ್ಯಂಜನಕ್ಕೆ ಕುಳಿತು, ಆರು ವಾರ ಕಳೆಯಿತಲ್ಲ ಎಂದು ನೆತ್ತಿಗೆ ಎಣ್ಣೆ ಒತ್ತಲು ಎಡಗೈಯನ್ನು ಎತ್ತಿದರೆ, ಅದು ಎದೆಯ ಮಟ್ಟಕ್ಕೆ ನಿಂತುಬಿಟ್ಟಿತು. ಇನ್ನೊಂದಂಗುಲ ಎತ್ತಿದರೆ ಹೆಗಲಿನಲ್ಲಿ ಪ್ರಾಣ ಹೋಗುವಂಥ ನೋವು. ಕಚ್ಚೆ ಸಿಕ್ಕಿಸಲು ಕೈ ಬೆನ್ನ ಹಿಂದಕ್ಕೆ ಹೋಗದು. ಹೃದಯವು ಸರಿಯಾಯಿತು, ತೋಳು ಹೋಯಿತು ಎಂದು ಅಂದು ಬೇವುಬೆಲ್ಲದಲ್ಲಿ ಬೇವೊಂದೇ ರುಚಿಸಿತು.

ಕೀಲನ್ನು ಆಡಿಸದಿದ್ದರೆ ಅದರ ಸುತ್ತಲಿನ ಪೊರೆಯು ದಪ್ಪವಾಗಿ ಕುಗ್ಗಿ ಬಿಗಿಯುತ್ತದೆ. ಪೇಸ್‌ಮೇಕರ್ ಇಡಿಸಿಕೊಂಡವರಲ್ಲಿ ಅತಿಯಾದ ಎಚ್ಚರದಿಂದ ಹೀಗಾಗುವುದು ವೈದ್ಯರಿಗೆ ಪರಿಚಿತವಾದ ಸಂಗತಿಯೇ. ಅತಿಯಾದರೆ ಅಮೃತವೂ ವಿಷವೆಂಬ ಗಾದೆಯು ಪಥ್ಯಕ್ಕೂ ಸಲ್ಲುವುದೆಂದು ನಮಗೆ ಆಗ ತಿಳಿಯಿತು. ನಮ್ಮನ್ನು ಅಂಗಸಾಧನೆಯ ಚಿಕಿತ್ಸಕಿಯೊಬ್ಬಳ ಬಳಿಗೆ ಕಳುಹಿಸಿದರು. ನಮ್ಮ ಮೊಮ್ಮಗಳ ಅಕ್ಕನಂತಿದ್ದ ಆ ಹುಡುಗಿ ಮೊದಲು ಕೇಳಿದ್ದು, "ತಾತ, ಎದೆಯಲ್ಲಿ ಯಂತ್ರವೇನಾದರೂ ಇದೆಯೆ?" ಎಂದು. ಇದೆಯೆಂದು ಗುರುತಿನ ಚೀಟಿಯನ್ನು ತೋರಿಸಿದೆವು. ವಿದ್ಯುದಲೆಯಿಂದ ಒಳಗೆ ಕಾವು ಕೊಡುವ ಯಂತ್ರವನ್ನು ಆಕೆ ಒಡನೆಯೇ ಬದಿಗೆ ಸರಿಸಿದಳು. ಆ ಬಗೆಯ ಚಿಕಿತ್ಸೆಯು ಪೇಸ್‌ಮೇಕರ್ ಉಳ್ಳವರಿಗೆ ಅಪಾಯಕರ. ಆದ್ದರಿಂದ ಯಾವ ವೈದ್ಯನ ಬಳಿಗೆ ಹೋದರೂ, ಹಲ್ಲು ತೋರಿಸಲು ಹೋದರೂ, ಮೊದಲ ಮಾತೇ ಇದಾಗಿರಬೇಕು.

ಆಕೆ ಹೇಳಿಕೊಟ್ಟ ಸಾಧನೆಗಳಲ್ಲಿ ಎರಡನ್ನು ಇಲ್ಲಿ ಹೇಳುತ್ತೇವೆ. ಮೊದಲನೆಯದು: ಬಲಗೈಯಿಂದ ಮೇಜನ್ನು ಹಿಡಿದು ಮುಂದಕ್ಕೆ ಬಾಗಿ, ಎಡಗೈಯನ್ನು ಗಡಿಯಾರದ ಲೋಲಕದಂತೆ ಜೋಲುಬಿಟ್ಟು ಮೆಲ್ಲಗೆ ತೂಗುವುದು. ಎರಡನೆಯದು: ಗೋಡೆಗೆ ಎದುರಾಗಿ ನಿಂತು ಎರಡು ಬೆರಳುಗಳನ್ನು ಜೇಡವು ಹತ್ತುವಂತೆ ಮೇಲೆ ಮೇಲೆ ನಡೆಸುವುದು. ದಿನಕ್ಕೆ ಮೂರು ಸಲ, ನೋವಿನ ಅಂಚಿನವರೆಗೆ, ಅದನ್ನು ಮೀರದೆ. ತಲಪಿದ ಎತ್ತರಕ್ಕೆ ಗೋಡೆಯ ಮೇಲೆ ಸೀಸದಕಡ್ಡಿಯಿಂದ ಗೆರೆ ಎಳೆದು ತಿಥಿಯನ್ನು ಬರೆಯುತ್ತಿದ್ದೆವು. ಅದೇ ಗೋಡೆಯ ಮೇಲೆ ಮೊಮ್ಮಗಳ ಎತ್ತರದ ಗೆರೆಗಳೂ ಇದ್ದವು. "ತಾತ, ಈ ತಿಂಗಳು ನಾನೇ ಹೆಚ್ಚು ಬೆಳೆದಿದ್ದೇನೆ" ಎಂದು ಅವಳು ಜಂಬಪಡುತ್ತಿದ್ದಳು. ಆಷಾಢದಲ್ಲಿ ಇಪ್ಪತ್ತು ದಿನ ನಮ್ಮ ಗೆರೆ ಕದಲಲೇ ಇಲ್ಲ. ಆಗ ಸಾಕೆಂದು ಬಿಟ್ಟುಬಿಡುವ ಮನಸ್ಸಾಗಿದ್ದಿತು. ಶ್ರಾವಣದಲ್ಲಿ ಅದು ಮತ್ತೆ ಏರಿತು. ಈ ವ್ಯಾಧಿಯಲ್ಲಿ ತಾಳ್ಮೆಯೇ ಮುಖ್ಯವಾದ ಔಷಧವೆಂದು ನಮ್ಮ ಅನುಭವ.

ಇಂಥ ನಿರುತ್ಸಾಹದ ದಿನಗಳಲ್ಲಿ ನಮಗೆ ಧೈರ್ಯ ಕೊಟ್ಟದ್ದು ಸ್ವೀಡನ್ ದೇಶದ ಆರ್ನೆ ಲಾರ್ಸನ್ ಎಂಬವರ ಚರಿತ್ರೆ. ಜಗತ್ತಿನಲ್ಲಿ ದೇಹದ ಒಳಗೆ ಪೇಸ್‌ಮೇಕರ್ ಇಡಿಸಿಕೊಂಡ ಮೊದಲ ಮನುಷ್ಯರು ಅವರೇ. ಆಗ ಅವರ ವಯಸ್ಸು 43. ದಿನಕ್ಕೆ ಹಲವು ಸಲ ಮೂರ್ಛೆ ಹೋಗುತ್ತಿದ್ದ ಗಂಡನನ್ನು ಉಳಿಸಿಕೊಳ್ಳಲು ಅವರ ಪತ್ನಿ ಎಲ್ಸೆ ಮಾರಿಯವರು ಶಸ್ತ್ರವೈದ್ಯ ಓಕೆ ಸೆನ್ನಿಂಗ್ ಮತ್ತು ಎಂಜಿನಿಯರ್ ರೂನೆ ಎಲ್ಮ್‌ಕ್ವಿಸ್ಟ್ ಇವರ ಬೆನ್ನು ಬಿಡದೆ ಬೇಡಿದರು. ಮನುಷ್ಯರಿಗೆ ಇಡುವಂಥ ಯಂತ್ರ ಇನ್ನೂ ಸಿದ್ಧವಾಗಿಲ್ಲವೆಂದರೆ, ಹಾಗಾದರೆ ಸಿದ್ಧಮಾಡಿರೆಂಬುದು ಆಕೆಯ ಹಟ. ಬೂಟ್ ಪಾಲಿಷಿನ ಡಬ್ಬಿಯನ್ನೇ ಅಚ್ಚಾಗಿ ಮಾಡಿಕೊಂಡು, ಅದರಲ್ಲಿ ರಾಳದಂಥ ದ್ರವವನ್ನು ಹೊಯ್ದು ಯಂತ್ರದ ಕವಚವನ್ನು ಎರಕಮಾಡಿದರು. 1958ರ ಅಕ್ಟೋಬರ್ 8ರಂದು ಎದೆಯನ್ನು ಬಿಡಿಸಿ ಅದನ್ನು ಇಟ್ಟರು. ಕೆಲವೇ ಗಂಟೆಗಳಲ್ಲಿ ಅದು ಕೆಟ್ಟಿತು. ಜೊತೆಯಲ್ಲಿ ಮಾಡಿಟ್ಟಿದ್ದ ಎರಡನೆಯದನ್ನು ಇಡಬೇಕಾಯಿತು. ಮುಂದೆ ಜೀವಮಾನದಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಲ ಅವರ ಯಂತ್ರವನ್ನು ಬದಲಾಯಿಸಿದರು. ಹೀಗಿದ್ದೂ ಅವರು ಬಾಳಿದ್ದು 2001ರವರೆಗೆ, 86 ವರ್ಷ. ಯಂತ್ರವನ್ನು ಇಟ್ಟ ವೈದ್ಯರಿಗಿಂತಲೂ ಅದನ್ನು ಮಾಡಿದ ಎಂಜಿನಿಯರರಿಗಿಂತಲೂ ಹೆಚ್ಚು ಕಾಲ. ಅಷ್ಟು ಸಲ ಕೊಯ್ಯಿಸಿಕೊಂಡವರೇ ಎದ್ದು ನಡೆದರೆಂದ ಮೇಲೆ, ಎರಡು ಸಲ ಕೊಯ್ಯಿಸಿಕೊಂಡ ನಾವು ಗೋಡೆಯ ಗೆರೆಗೆ ಹೆದರುವುದೆ?

ಈ ಯಂತ್ರದ ವಿಷಯದಲ್ಲಿ ಮನೆಗಳಲ್ಲಿ ಹಬ್ಬಿರುವ ಹೆದರಿಕೆಗಳು ಬಹಳ. ನಾವು ಕೇಳಿ ತಿಳಿದುದನ್ನು ಸಂಗ್ರಹವಾಗಿ ಹೇಳುತ್ತೇವೆ. ಸುಸ್ಥಿತಿಯಲ್ಲಿರುವ ಮಿಕ್ಸಿ, ರೆಫ್ರಿಜರೇಟರ್, ಟೆಲಿವಿಷನ್ ಇವುಗಳಿಂದ ಭಯವಿಲ್ಲ. ಇಂಡಕ್ಷನ್ ಒಲೆಯಿಂದ ಎದೆಯು ಸುಮಾರು ಎರಡು ಅಡಿ ದೂರವಿರಬೇಕು. ಮೊಬೈಲ್ ಫೋನನ್ನು ಅಂಗಿಯ ಎಡಜೇಬಿನಲ್ಲಿ ಇಡದೆ, ಯಂತ್ರದಿಂದ ಆರಂಗುಲವಾದರೂ ದೂರವಿರಿಸಿ, ಬಲಗಿವಿಗೆ ಹಿಡಿದು ಮಾತನಾಡಬೇಕು. ವಿಮಾನನಿಲ್ದಾಣದ ಮತ್ತು ದೊಡ್ಡ ದೇವಾಲಯಗಳ ತಪಾಸಣೆಯ ಚೌಕಟ್ಟಿನಲ್ಲಿ ನಿಲ್ಲದೆ ಎಂದಿನ ನಡಿಗೆಯಲ್ಲಿ ದಾಟಿಹೋಗಬಹುದು. ಕೈಯಲ್ಲಿ ಹಿಡಿಯುವ ಶೋಧಕವನ್ನು ಎದೆಯ ಮೇಲೆ ಹಿಡಿದು ನಿಲ್ಲಿಸದಂತೆ ಚೀಟಿ ತೋರಿಸಿ ಹೇಳಬೇಕು. ಎಂ.ಆರ್.ಐ. ಪರೀಕ್ಷೆಗೆ ಹೊಂದುವ ಯಂತ್ರಗಳು ಈಗ ಬಂದಿವೆ. ಆದರೂ ತಮ್ಮದು ಅಂಥದೇ ಎಂದು ವೈದ್ಯರಿಂದ ನಿಶ್ಚಯಪಡಿಸಿಕೊಳ್ಳದೆ ಒಳಗೆ ಹೋಗಬಾರದು. ಯಂತ್ರದ ಬ್ಯಾಟರಿಯು ಸಾಮಾನ್ಯವಾಗಿ ಎಂಟರಿಂದ ಹನ್ನೆರಡು ವರ್ಷ ಬಾಳುತ್ತದೆ. ಅದು ಕುಂದುತ್ತಿರುವುದು ಪರೀಕ್ಷೆಯಲ್ಲಿ ಮುಂಚೆಯೇ ತಿಳಿಯುವುದರಿಂದ, ಹೇಳಿದ ದಿನಕ್ಕೆ ತಪ್ಪದೆ ಹೋಗಬೇಕು. ಎಲ್ಲಕ್ಕಿಂತ ಮುಖ್ಯವಾದುದು, ತಲೆಸುತ್ತು, ಮೂರ್ಛೆ, ಏದುಸಿರು, ನಿಲ್ಲದ ಬಿಕ್ಕಳಿಕೆ ಇವುಗಳಲ್ಲಿ ಯಾವುದು ಬಂದರೂ ಮನೆಯವರಿಂದ ಮುಚ್ಚಿಡಬಾರದು.

ಇನ್ನೊಂದು ಮಾತು ಹೇಳಲು ಕಷ್ಟ, ಹೇಳದಿದ್ದರೆ ದೋಷ. ದಹನಸಂಸ್ಕಾರದ ಪದ್ಧತಿಯುಳ್ಳವರ ಮನೆಯಲ್ಲಿ, ದೇಹವನ್ನು ಅಗ್ನಿಗೆ ಒಪ್ಪಿಸುವ ಮೊದಲು ಈ ಯಂತ್ರವನ್ನು ತೆಗೆಯಿಸಬೇಕು. ಬ್ಯಾಟರಿಯು ಬೆಂಕಿಯಲ್ಲಿ ಸಿಡಿದು ಸುತ್ತ ನಿಂತವರಿಗೆ ಅಪಾಯವಾಗುವುದು. ದುಃಖದ ವೇಳೆಯಲ್ಲಿ ಇದು ಯಾರಿಗೂ ನೆನಪಾಗದು. ನಾವು ಗೌರಿಹಬ್ಬಕ್ಕೆ ಬಂದಿದ್ದ ಮಗನನ್ನು ಹತ್ತಿರ ಕುಳ್ಳಿರಿಸಿಕೊಂಡು ಇದನ್ನು ಹೇಳಿದೆವು. ಅವನು, "ಈಗೇಕಪ್ಪಾ ಆ ಮಾತು?" ಎಂದು ಎದ್ದನು. ಒಳಗಿದ್ದ ಅವನ ತಾಯಿ, "ಕೂತು ಕೇಳಿಕೊ. ಮುಚ್ಚಿಡುವ ಚಾಳಿ ನಿಮ್ಮಪ್ಪನಿಗೆ ಬಿಟ್ಟಿತಲ್ಲ, ಸಂತೋಷಪಡು" ಎಂದಳು. ಅವನು ಕುಳಿತನು, ಚೀಟಿಯ ಪ್ರತಿಯೊಂದನ್ನು ತನ್ನ ಬಳಿ ಇಟ್ಟುಕೊಂಡನು.

ಬೃಹದಾರಣ್ಯಕದಲ್ಲಿ ಹೃದಯವೆಂಬ ಶಬ್ದದ ಮೂರು ಅಕ್ಷರಗಳನ್ನು ಬಿಡಿಸಿ, ತರುವುದು, ಕೊಡುವುದು, ಹೋಗುವುದು ಎಂಬ ಅರ್ಥಗಳನ್ನು ಹೇಳಿದೆ. ಅದನ್ನು ತರಗತಿಯಲ್ಲಿ ಎಷ್ಟೋ ಸಲ ಪಾಠಹೇಳಿದ್ದೆವು. ಅದರಲ್ಲಿ ಕೊಡುವುದೆಂಬುದರ ಜೊತೆಗೆ ಇನ್ನೊಬ್ಬರಿಂದ ಪಡೆಯುವುದೂ ಸೇರಿದೆಯೆಂದು ತಿಳಿಯಲು ನಮಗೆ ಅರುವತ್ತು ವರ್ಷ ಬೇಕಾಯಿತು. ಕಳೆದ ನವರಾತ್ರಿಯಲ್ಲಿ ಸರಸ್ವತಿಯ ಪೂಜೆಗೆ ಪುಸ್ತಕಗಳನ್ನು ಇಡಬೇಕಾದಾಗ ವೈದ್ಯರ ಅಪ್ಪಣೆ ದೊರೆತಿದ್ದಿತು. ತೋಳೂ ತಲೆಯ ಮೇಲಕ್ಕೆ ಏಳುತ್ತಿದ್ದಿತು. ಅಟ್ಟದ ಕೆಳಗೆ ಮಣೆಯನ್ನು ಇಟ್ಟೆವು. ಆಮೇಲೆ ಯೋಚಿಸಿ, ಪಕ್ಕದ ಮನೆಯ ಹುಡುಗನನ್ನು ಕರೆದೆವು. ಅವನು ಹತ್ತಿ ಟ್ರಂಕನ್ನು ತೆರೆದು ಪುಸ್ತಕಗಳನ್ನು ಒಂದೊಂದಾಗಿ ಕೊಟ್ಟನು; ನಾವು ಕೆಳಗೆ ನಿಂತು ಎರಡು ಕೈಗಳನ್ನೂ ಎತ್ತಿ ಒಂದೊಂದಾಗಿ ತೆಗೆದುಕೊಂಡೆವು. ಅಮರಕೋಶವು ಕೊನೆಯಲ್ಲಿ ಬಂದಿತು.